ವಿರ್ಕೋಲಾ ಆದ ಮೇಲೆ ಹಾರುವವನ ಪಾಡು

ನಾರ್ವೆಯ ಯಾವುದೋ ಶಾಲೆಗೆ ಹೊಸ ಹೆಡ್‌ಮಾಸ್ಟರ್ ಬರುತ್ತಾರೆ ಅಂತ ಇಟ್ಟುಕೊಳ್ಳಿ. ಹಿಂದಿನವರು ಇಪ್ಪತ್ತು ವರ್ಷ ಅಲ್ಲೇ ಇದ್ದವರು, ಊರಿಗೆಲ್ಲ ಬೇಕಾದವರು. ಅಂಥವರ ಕುರ್ಚಿಯಲ್ಲಿ ಕೂರೋದು ಕಷ್ಟ, ಅಲ್ವಾ? ಆ ಕಷ್ಟಕ್ಕೆ ನಾರ್ವೆಯ ಭಾಷೆಯಲ್ಲಿ ಒಂದು ಸಿದ್ಧ ಮಾತಿದೆ. ‘ಓ ಹೊಪ್ಪೆ ಎತ್ತರ್ ವಿರ್ಕೋಲಾ.’ ಅಂದರೆ, ವಿರ್ಕೋಲಾ ಆದ ಮೇಲೆ ಹಾರೋದು.

ಆ ವಿರ್ಕೋಲಾ ನಿಜವಾದ ಮನುಷ್ಯ. ಪೂರ್ತಿ ಹೆಸರು ಬ್ಯೋರ್ನ್ ವಿರ್ಕೋಲಾ. 1960ರ ದಶಕದ ಸ್ಕೀ ಜಂಪರ್. ಅವರು ಆಟ ಬಿಟ್ಟು ಅರ್ಧ ಶತಮಾನವಾಯಿತು. ಅವರು ಹಾರಿದ್ದನ್ನು ನೋಡದೇ ಇರುವ ಮಕ್ಕಳೂ ಮೊಮ್ಮಕ್ಕಳೂ ಈ ಮಾತನ್ನು ಆಡುತ್ತಾರೆ. ಒಳ್ಳೆಯ ಭಾಷಣ ಮುಗಿದ ಮೇಲೆ ಮಾತಾಡಬೇಕಾದವನು, ಜನಪ್ರಿಯ ಮಂತ್ರಿಯ ಖಾತೆ ವಹಿಸಿಕೊಂಡವನು, ಗೆದ್ದ ಕೋಚ್‌ನ ಜಾಗಕ್ಕೆ ಬಂದವನು, ಎಲ್ಲರೂ ‘ವಿರ್ಕೋಲಾ ಆದ ಮೇಲೆ ಹಾರುವವರೇ’.

ನನ್ನನ್ನು ಈ ಕಥೆಗೆ ಕಟ್ಟಿ ಹಾಕಿದ್ದು ಇನ್ನೊಂದು ಸಂಗತಿ. ಬ್ಯೋರ್ನ್ ವಿರ್ಕೋಲಾ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಪದಕ ಗೆದ್ದಿಲ್ಲ. ಚಿನ್ನ ಬಿಡಿ, ಕಂಚೂ ಇಲ್ಲ. ನಾರ್ವೆಗೆ ಒಲಿಂಪಿಕ್ಸ್ ಚಿನ್ನ ತಂದ ಸ್ಕೀ ಜಂಪರ್‌ಗಳು ಹಲವರಿದ್ದಾರೆ. ಅವರ ಯಾರ ಹೆಸರೂ ಗಾದೆಯಾಗಲಿಲ್ಲ. ಇವರದ್ದು ಆಯಿತು. ಯಾಕೆ? ಇದಕ್ಕೆ ಉತ್ತರ ಬೇಕಾದರೆ ಮೊದಲು ಆ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹಾರೋದು ಅಂದರೆ ಏನು

ಟೀವಿಯಲ್ಲಿ ಮೊದಲ ಸಲ ನೋಡಿದಾಗ ಸ್ಕೀ ಜಂಪಿಂಗ್ ಹುಚ್ಚಾಟದ ಹಾಗೆ ಕಾಣುತ್ತದೆ. ಎತ್ತರದ ಗೋಪುರ, ಅದರ ನೆತ್ತಿಯಲ್ಲಿ ಒಂದು ಅಡ್ಡಪಟ್ಟಿ, ಅದರ ಮೇಲೆ ಕೂತ ಮನುಷ್ಯ. ಕೈಯಲ್ಲಿ ಕೋಲಿಲ್ಲ. ಕಾಲಿಗೆ ಅವನ ಎತ್ತರವನ್ನೂ ಮೀರಿದ ಉದ್ದದ ಸ್ಕೀ. ಬೂಟಿನ ಮುಂಭಾಗ ಮಾತ್ರ ಸ್ಕೀಗೆ ಬಿಗಿದಿರುತ್ತದೆ, ಹಿಮ್ಮಡಿ ಬಿಡುವಾಗಿ ಮೇಲೇಳುತ್ತದೆ. ಅವನು ಪಟ್ಟಿಯಿಂದ ಜಾರಿ ಕುಕ್ಕರುಗಾಲಲ್ಲಿ ಮುದುಡಿಕೊಳ್ಳುತ್ತಾನೆ. ದೊಡ್ಡ ಬೆಟ್ಟವಾದರೆ ಕೆಳಗೆ ಬರುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 90 ಕಿಲೋಮೀಟರ್.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ. ಆ ಜಾರುದಾರಿಯ ಕೊನೆ ಮೇಲಕ್ಕೆ ಬಾಗಿರುತ್ತದೆ, ಅದೇ ಅವನನ್ನು ಆಕಾಶಕ್ಕೆ ಎಸೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಅದು ಸುಮಾರು ಹತ್ತು ಹನ್ನೊಂದು ಡಿಗ್ರಿ ಕೆಳಕ್ಕೇ ಇಳಿದಿರುತ್ತದೆ. ಮೇಲಕ್ಕೆ ಹೋಗೋದೆಲ್ಲ ಜಂಪರ್‌ನ ಕಾಲಿನ ಒದೆತದಿಂದಲೇ ಬರಬೇಕು. ಆ ಒದೆತಕ್ಕೆ ಸಿಗುವ ಸಮಯ ಒಂದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು. ಕಣ್ಣು ಮಿಟುಕಿಸುವಷ್ಟು ಹೊತ್ತು. ಸ್ವಲ್ಪ ಬೇಗ ಒದ್ದರೆ ಗಾಳಿ ಎದೆಗೆ ಹೊಡೆದು ತಡೆಯುತ್ತದೆ. ಸ್ವಲ್ಪ ತಡವಾದರೆ ಒದೆಯೋಕೆ ಕಾಲಡಿ ನೆಲವೇ ಇರುವುದಿಲ್ಲ.

ಆಮೇಲೆ ಗಾಳಿಯಲ್ಲಿ ನಾಲ್ಕೈದು ಸೆಕೆಂಡ್. ಮೈಯನ್ನು ಮುಂದಕ್ಕೆ ಚಾಚಿ, ಸ್ಕೀಯ ಮೇಲೆ ಬಹುಪಾಲು ಮಲಗಿದಂತೆ ಹೋಗುತ್ತಾನೆ. ಕೆಳಗಿನ ಬೆಟ್ಟವೂ ಅವನ ಜೊತೆಗೇ ಇಳಿಯುತ್ತಿರುತ್ತದೆ. ಅದಕ್ಕೇ ಅವನು ನೂರು ಮೀಟರ್ ದೂರ ಹೋದರೂ ನೆಲದಿಂದ ಇರುವ ಎತ್ತರ ಕೆಲವೇ ಮೀಟರ್. ಇಳಿಯುವ ಜಾಗವೂ ಕಡಿದಾದ ಇಳಿಜಾರು. ಹಾಗಾಗಿ ಪೆಟ್ಟು ನೇರವಾಗಿ ಮಂಡಿಗೆ ಬೀಳದೆ ಜಾರಿಕೊಂಡು ಹೋಗುತ್ತದೆ. ಬೆಟ್ಟ ಚಪ್ಪಟೆಯಾಗುವ ತನಕ ಹಾರಿಬಿಟ್ಟರೆ ಮಾತ್ರ ಅಪಾಯ. ಈ ಅಂಶ ನೆನಪಿರಲಿ, ಗಾದೆಯ ಹತ್ತಿರ ಬಂದಾಗ ಬೇಕಾಗುತ್ತದೆ.

ಗೆಲುವು ಬರೀ ದೂರದಿಂದ ಬರುವುದಿಲ್ಲ. ಇವತ್ತಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಪ್ರತಿ ಬೆಟ್ಟದಲ್ಲೂ ಕೆ ಪಾಯಿಂಟ್ ಅಂತ ಒಂದು ಗೆರೆ ಇರುತ್ತದೆ. ಚಿಕ್ಕ, ದೊಡ್ಡ ಬೆಟ್ಟಗಳಲ್ಲಿ ಅಲ್ಲಿಗೆ ಇಳಿದರೆ 60 ಅಂಕ. ದೊಡ್ಡ ಬೆಟ್ಟದಲ್ಲಿ ಅದಕ್ಕಿಂತ ಮುಂದೆ ಹೋದ ಪ್ರತಿ ಮೀಟರ್‌ಗೆ 1.8 ಅಂಕ ಸೇರುತ್ತದೆ, ಹಿಂದೆ ಬಿದ್ದರೆ ಅಷ್ಟೇ ಕಳೆಯುತ್ತದೆ. ಇದರ ಜೊತೆ ಐದು ಜನ ತೀರ್ಪುಗಾರರು ಶೈಲಿಗೆ ತಲಾ 20ರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದ್ದು, ಅತಿ ಕಡಿಮೆಯದ್ದು ಎರಡನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ.

120 ಮೀಟರ್‌ಗೆ ಕೆ ಪಾಯಿಂಟ್ ಇರುವ ಬೆಟ್ಟದಲ್ಲಿ ಒಬ್ಬ 130 ಮೀಟರ್ ಹಾರಿ, ಇಳಿಯುವಾಗ ತಡವರಿಸಿದ ಅಂತಿಟ್ಟುಕೊಳ್ಳಿ. ಮೂವರು ತೀರ್ಪುಗಾರರಿಂದ 16.5 ಬಂತು. ಒಟ್ಟು 127.5. ಇನ್ನೊಬ್ಬ 128 ಮೀಟರ್ ಅಷ್ಟೇ ಹಾರಿದ, ಆದರೆ ಹೂವಿನ ಹಾಗೆ ಇಳಿದ. ಮೂವರಿಂದ 18.5. ಅವನ ಒಟ್ಟು 129.9. ಎರಡು ಮೀಟರ್ ಹಿಂದೆ ಬಿದ್ದವನೇ ಗೆದ್ದ. ಆ ಹೂವಿನಂಥ ಇಳಿತಕ್ಕೆ ಟೆಲೆಮಾರ್ಕ್ ಅಂತ ಹೆಸರು. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಬಾಗಿ, ಕೈಗಳು ಎರಡೂ ಕಡೆ ಚಾಚಿ. ಟೆಲೆಮಾರ್ಕ್ ಅನ್ನೋದು ನಾರ್ವೆಯ ಒಂದು ಸೀಮೆ. ಆಟದ ಅಂದಕ್ಕೂ ಆ ದೇಶದ ಹೆಸರೇ.

ಸೋಲು ಕಾಣದ ಮನೆ, ಸೋಲು ಕಂಡ ಕಾಲ

1924ರಲ್ಲಿ ಚಳಿಗಾಲದ ಒಲಿಂಪಿಕ್ಸ್ ಶುರುವಾದಾಗಿನಿಂದ 1952ರವರೆಗೆ ಸ್ಕೀ ಜಂಪಿಂಗ್‌ನ ಪ್ರತಿಯೊಂದು ಚಿನ್ನವೂ ನಾರ್ವೆಗೇ ಹೋಯಿತು. ಒಂದೂ ತಪ್ಪಲಿಲ್ಲ. ಓಸ್ಲೋ ಪಕ್ಕದ ಹೋಲ್ಮೆನ್‌ಕೋಲೆನ್ ಬೆಟ್ಟದಲ್ಲಿ 1892ರಿಂದ ಸ್ಪರ್ಧೆ ನಡೆಯುತ್ತಿದೆ. ಆಮೇಲೆ ರಾಜನಾದ ಐದನೇ ಊಲಾವ್ ಯುವರಾಜನಾಗಿದ್ದಾಗ ಸ್ವತಃ ಅಲ್ಲಿ ಹಾರಿದ್ದ. ಯುವರಾಜ ಹಾರುವಂಥ ಆಟ ಅದು.

1956ರಲ್ಲಿ ಚಿನ್ನ ಫಿನ್ಲೆಂಡ್‌ಗೆ ಹೋಯಿತು. 1960ರಲ್ಲಿ ಪೂರ್ವ ಜರ್ಮನಿಯ ಹೆಲ್ಮುಟ್ ರೆಕ್ನಾಗೆಲ್ ಗೆದ್ದರು. ಮನೆಯ ಅಡುಗೆಯನ್ನು ಪಕ್ಕದ ಮನೆಯವರು ನಮಗಿಂತ ಚೆನ್ನಾಗಿ ಮಾಡಿದಾಗ ಆಗುತ್ತಲ್ಲ, ಹಾಗಾಯಿತು ನಾರ್ವೆಗೆ. 1964ರಲ್ಲಿ ಟೊರಾಲ್ಫ್ ಎಂಗನ್ ದೊಡ್ಡ ಬೆಟ್ಟದ ಚಿನ್ನವನ್ನು ಮರಳಿ ತಂದರು. ಆದರೂ ಮೊದಲಿನ ನೆಮ್ಮದಿ ಇರಲಿಲ್ಲ. ವಿರ್ಕೋಲಾ ಬಂದದ್ದು ಈ ಹೊತ್ತಿನಲ್ಲಿ.

ಅವರು ಹುಟ್ಟಿದ್ದು 1943ರ ಆಗಸ್ಟ್ 4ರಂದು, ಆಲ್ಟಾದಲ್ಲಿ. ನಾರ್ವೆಯ ತುತ್ತತುದಿಯ ಫಿನ್‌ಮಾರ್ಕ್ ಸೀಮೆಯ ಊರು. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಮೇಲೇಳುವುದೇ ಇಲ್ಲ. ಅವರಿಗೆ ಒಂದು ವರ್ಷ ತುಂಬಿದ ಮೇಲೆ, 1944ರ ಕೊನೆಯಲ್ಲಿ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಇಡೀ ಫಿನ್‌ಮಾರ್ಕ್‌ಗೆ ಬೆಂಕಿ ಇಟ್ಟಿತು. ಆಲ್ಟಾದಲ್ಲಿ ಚರ್ಚು ಉಳಿಯಿತು, ಊರು ಉಳಿಯಲಿಲ್ಲ. ಯುದ್ಧದ ನಂತರ ಬೂದಿಯ ಮೇಲೆ ಮತ್ತೆ ಕಟ್ಟಿದ ಊರು ಅದು. ಓಸ್ಲೋದ ದೊಡ್ಡ ಕ್ಲಬ್ಬುಗಳಿಂದ, ಹೆಸರಾಂತ ಬೆಟ್ಟಗಳಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಅಂಥ ಮೂಲೆಯ ಹುಡುಗ ರಾಜಧಾನಿಗೆ ಬಂದು ಗೆದ್ದದ್ದನ್ನು ಉತ್ತರದವರು ತಮ್ಮದೇ ಗೆಲುವು ಅಂತ ನೋಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಗೆದ್ದದ್ದು 1966ರಲ್ಲಿ. ವಿಶ್ವ ಚಾಂಪಿಯನ್‌ಷಿಪ್ ಆ ಸಲ ಓಸ್ಲೋದಲ್ಲೇ ನಡೆಯಿತು. ಚಿಕ್ಕ ಬೆಟ್ಟ, ದೊಡ್ಡ ಬೆಟ್ಟ ಎರಡರಲ್ಲೂ ಚಿನ್ನ ವಿರ್ಕೋಲಾಗೆ. ದೊಡ್ಡದು ಹೋಲ್ಮೆನ್‌ಕೋಲೆನ್‌ನಲ್ಲೇ, ತವರಿನ ಜನದ ಕಣ್ಣೆದುರು. ಅದೇ ವರ್ಷ ವಿಕರ್ಸುಂಡ್‌ನ ಹಾರುಬೆಟ್ಟದಲ್ಲಿ, ಅಂದರೆ ಅತಿ ದೂರ ಹಾರೋಕೆ ಅಂತಲೇ ಕಟ್ಟಿದ ಇನ್ನೂ ದೊಡ್ಡ ಬೆಟ್ಟದಲ್ಲಿ, 146 ಮೀಟರ್ ಹಾರಿ ವಿಶ್ವದಾಖಲೆಯನ್ನೂ ಹಿಡಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ.

ಹೊಸ ವರ್ಷದ ಮನುಷ್ಯ

ಆದರೆ ಅವರನ್ನು ಗಾದೆಯಾಗಿಸಿದ್ದು ‘ನಾಲ್ಕು ಬೆಟ್ಟಗಳ ಪಂದ್ಯಾವಳಿ’ ಅನ್ನೋದು ನನ್ನ ಅಭಿಪ್ರಾಯ.

1953ರಲ್ಲಿ ಶುರುವಾದ ಪಂದ್ಯಾವಳಿ ಇದು. ಜರ್ಮನಿಯ ಓಬರ್ಸ್ಟ್‌ಡಾರ್ಫ್, ಗಾರ್ಮಿಶ್ ಪಾರ್ಟನ್‌ಕಿರ್ಶನ್, ಆಸ್ಟ್ರಿಯಾದ ಇನ್ಸ್‌ಬ್ರುಕ್, ಬಿಶೋಫ್ಸ್‌ಹೋಫನ್. ಡಿಸೆಂಬರ್ ಕೊನೆಗೆ ಶುರು, ಜನವರಿ 6ರ ಹೊತ್ತಿಗೆ ಮುಕ್ತಾಯ. ನಡುವೆ ಜನವರಿ 1ರಂದು ಗಾರ್ಮಿಶ್‌ನಲ್ಲಿ ಹೊಸ ವರ್ಷದ ಹಾರಾಟ. ನಾಲ್ಕೂ ಕಡೆಯ ಅಂಕ ಕೂಡಿಸಿ ಒಬ್ಬ ವಿಜೇತ.

ಒಲಿಂಪಿಕ್ಸ್‌ನಲ್ಲಿ ಒಂದು ಒಳ್ಳೆಯ ದಿನ ಸಾಕು. ಇಲ್ಲಿ ಒಂದು ಕೆಟ್ಟ ದಿನ ಸಾಕು, ಎಲ್ಲ ಮುಗಿಯಿತು. ನಾಲ್ಕು ಬೆಟ್ಟಗಳಿಗೂ ಬೇರೆ ಬೇರೆ ಸ್ವಭಾವ. ಒಂದರಲ್ಲಿ ಗಾಳಿ ಸುಳಿಯುತ್ತದೆ, ಇನ್ನೊಂದರಲ್ಲಿ ಜಾರುದಾರಿ ಉದ್ದ, ಬಹಳ ಚಪ್ಪಟೆ. ಎರಡು ಹಾರಾಟದ ನಡುವೆ ಗಾಳಿ ತಿರುಗಿದರೆ ಹತ್ತು ಮೀಟರ್ ಹೋಯಿತು. ಈಗ ಗಾಳಿಗೆ ತಕ್ಕ ಹಾಗೆ ಅಂಕ ಸರಿದೂಗಿಸುತ್ತಾರೆ. ವಿರ್ಕೋಲಾ ಕಾಲದಲ್ಲಿ ಅದೇನೂ ಇರಲಿಲ್ಲ. ಗಾಳಿ ಕೊಟ್ಟಿದ್ದೇ ಬಂತು, ಕಿತ್ತುಕೊಂಡಿದ್ದೇ ಹೋಯಿತು.

ಇಂಥ ಪಂದ್ಯಾವಳಿಯನ್ನು ವಿರ್ಕೋಲಾ 1967ರಲ್ಲಿ ಗೆದ್ದರು. 1968ರಲ್ಲಿ ಗೆದ್ದರು. 1969ರಲ್ಲೂ ಗೆದ್ದರು, ಆ ಸಲ ನಾಲ್ಕರಲ್ಲಿ ಮೂರು ಬೆಟ್ಟ ಅವರದ್ದೇ. ಒಟ್ಟಾರೆ ಈ ಪಂದ್ಯಾವಳಿಯಲ್ಲಿ ಹತ್ತು ಬೆಟ್ಟಗಳ ಗೆಲುವು ಅವರ ಹೆಸರಲ್ಲಿದೆ.

ಇದನ್ನು ನಾರ್ವೆಯ ಜನ ಎಲ್ಲಿ ಕೂತು ನೋಡಿದರು ಅನ್ನೋದು ಮುಖ್ಯ. ನಾರ್ವೆಯಲ್ಲಿ ಟೆಲಿವಿಷನ್ ಅಧಿಕೃತವಾಗಿ ಶುರುವಾದದ್ದು 1960ರಲ್ಲಿ. ಇದ್ದದ್ದು ಒಂದೇ ಚಾನೆಲ್, ಸರ್ಕಾರಿ ಎನ್‌ಆರ್‌ಕೆ. ದೇಶದ ಜನಸಂಖ್ಯೆ ಆಗ 40 ಲಕ್ಷವೂ ಇರಲಿಲ್ಲ. ಜನವರಿ 1, ರಜೆಯ ದಿನ, ಹೊರಗೆ ಕೊರೆಯುವ ಚಳಿ, ಮನೆಮಂದಿಯೆಲ್ಲ ಒಳಗೆ. ಪೆಟ್ಟಿಗೆ ತಿರುಗಿಸಿದರೆ ಬರೋದು ಒಂದೇ ಕಾರ್ಯಕ್ರಮ. ಅದರಲ್ಲಿ ಕಪ್ಪು ಬಿಳುಪಿನ ಬೆಟ್ಟ, ಅದರ ಮೇಲಿಂದ ಹಾರಿ ಬರುವ ತಮ್ಮ ಹುಡುಗ. ಒಂದು ವರ್ಷವಲ್ಲ, ಸಾಲಾಗಿ ಮೂರು ವರ್ಷ. ಟೊರಾಲ್ಫ್ ಎಂಗನ್‌ರ ಚಿನ್ನದ ಕಾಲಕ್ಕೆ ಟೀವಿ ಇನ್ನೂ ಎಷ್ಟೋ ಮನೆಗಳಿಗೆ ಬಂದಿರಲಿಲ್ಲ. ವಿರ್ಕೋಲಾ ಕಾಲಕ್ಕೆ ಬರುತ್ತಿತ್ತು. ಜನಪ್ರಿಯತೆಯಲ್ಲಿ ಇಂಥ ಕಾಲದ ಕೂಟಕ್ಕೆ ದೊಡ್ಡ ಪಾಲಿದೆ.

ಆ ಕಾಲದ ತುಣುಕುಗಳನ್ನು ಈಗಲೂ ನೋಡಬಹುದು. ನಾನು ಮತ್ತೆ ಮತ್ತೆ ನೋಡಿದ್ದೇನೆ. ತಲೆಗೆ ಹೆಲ್ಮೆಟ್ ಇಲ್ಲ, ಉಣ್ಣೆಯ ಟೋಪಿ. ಇವತ್ತಿನ ಮೈಗಂಟಿದ ಸೂಟ್ ಇಲ್ಲ, ಸ್ವೆಟರ್. ಇವತ್ತು ಎಲ್ಲರೂ ಸ್ಕೀಗಳನ್ನು ಕವೆಯ ಹಾಗೆ ಅಗಲಿಸಿ ಹಾರುತ್ತಾರೆ. ಆ ಪದ್ಧತಿ ಸ್ವೀಡನ್ನಿನ ಯಾನ್ ಬೋಕ್ಲೋವ್ ಅವರಿಂದ 1980ರ ದಶಕದಲ್ಲಿ ಬಂತು. ವಿರ್ಕೋಲಾ ಕಾಲದಲ್ಲಿ ಎರಡೂ ಸ್ಕೀ ಅಕ್ಕಪಕ್ಕ ಅಂಟಿದಂತೆ ಇರಬೇಕಿತ್ತು. ಕೈಗಳು ತೊಡೆಗೆ ಒತ್ತಿ ಹಿಂದಕ್ಕೆ, ಮೀನಿನ ಹಾಗೆ. ಆ ಭಂಗಿಯಲ್ಲಿ ಗಾಳಿಯ ಆಸರೆ ಕಡಿಮೆ, ಸಮತೋಲ ತಪ್ಪಿದರೆ ಸರಿಪಡಿಸಿಕೊಳ್ಳೋಕೆ ಕೈ ಬಿಚ್ಚುವ ಹಾಗೂ ಇಲ್ಲ, ಶೈಲಿಯ ಅಂಕ ಹೋಗುತ್ತದೆ. ವಿರ್ಕೋಲಾ ಮುಖ ಸ್ಕೀಗಳ ತುದಿಯ ಕಡೆಗೆ ಚಾಚಿ ಬರುವ ರೀತಿ ನೋಡಿದರೆ ನನಗೆ ಇವತ್ತೂ ಉಸಿರು ಹಿಡಿದಂತಾಗುತ್ತದೆ.

ಗ್ರೆನೋಬಲ್, ಪ್ಲಾನಿಟ್ಸಾ

1968ರ ಫೆಬ್ರವರಿಯಲ್ಲಿ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಒಲಿಂಪಿಕ್ಸ್. ಒಂದು ತಿಂಗಳ ಹಿಂದಷ್ಟೇ ನಾಲ್ಕು ಬೆಟ್ಟಗಳ ಪಂದ್ಯಾವಳಿ ಗೆದ್ದು ಬಂದ ವಿಶ್ವ ಚಾಂಪಿಯನ್. ಚಿಕ್ಕ ಬೆಟ್ಟದಲ್ಲಿ ಚೆಕೊಸ್ಲೊವಾಕಿಯಾದ ಯಿರ್ಜಿ ರಾಷ್ಕಾ ಚಿನ್ನ ಗೆದ್ದರು. ವಿರ್ಕೋಲಾ ನಾಲ್ಕನೆಯವರು. ಕಂಚಿಗೂ ಅವರಿಗೂ ನಡುವೆ ಒಂದು ಪೂರ್ತಿ ಅಂಕದ ಅಂತರವೂ ಇರಲಿಲ್ಲ. ಅರ್ಧ ಮೀಟರ್, ಇಳಿಯುವಾಗ ಒಂದು ಸಣ್ಣ ತಡವರಿಕೆ, ಅಷ್ಟೇ. ದೊಡ್ಡ ಬೆಟ್ಟದಲ್ಲಿ ಅವರಿಗೆ ಸಿಕ್ಕಿದ್ದು 23ನೇ ಸ್ಥಾನ. 1972ರ ಸಪ್ಪೊರೊದಲ್ಲಿ ಪದಕದ ಹತ್ತಿರಕ್ಕೂ ಬರಲಿಲ್ಲ.

ಪಟ್ಟಿ ನೋಡಿ ಆಟಗಾರನನ್ನು ಅಳೆಯುವವರಿಗೆ ಇಲ್ಲಿ ವಿರ್ಕೋಲಾ ಕಾಣುವುದೇ ಇಲ್ಲ. ಇನ್ನೊಂದು ಪಟ್ಟಿಯಲ್ಲೂ ಕಾಣುವುದಿಲ್ಲ: ಈಗ ಎಲ್ಲರೂ ಲೆಕ್ಕ ಹಾಕುವ ವಿಶ್ವಕಪ್ ಶುರುವಾದದ್ದೇ 1979ರ ಕೊನೆಗೆ. ಅವರ ಆಟ ಮುಗಿದು ವರ್ಷಗಳಾಗಿದ್ದವು. ನಾರ್ವೆಯ ಜನ ಮಾತ್ರ ಪಟ್ಟಿ ನೋಡಿ ಪ್ರೀತಿಸಿದವರಲ್ಲ. ಅದೇ 1968ರಲ್ಲಿ ಅವರಿಗೆ ಹೋಲ್ಮೆನ್‌ಕೋಲೆನ್ ಪದಕ ಕೊಟ್ಟರು. ಸ್ಕೀ ಲೋಕದಲ್ಲಿ ನಾರ್ವೆ ಕೊಡುವ ಅತಿ ದೊಡ್ಡ ಗೌರವ ಅದು. ಆ ವರ್ಷ ಅದನ್ನು ಪಡೆದವರಲ್ಲಿ ಇನ್ನೊಬ್ಬರು ರಾಜ ಐದನೇ ಊಲಾವ್. ರಾಜನ ಜೊತೆಗೇ ಆಲ್ಟಾದ ಹುಡುಗನ ಹೆಸರು.

ಗ್ರೆನೋಬಲ್‌ಗೆ ಉತ್ತರ ಅನ್ನುವ ಹಾಗೆ ಒಂದು ವಾರಾಂತ್ಯ 1969ರ ಮಾರ್ಚ್‌ನಲ್ಲಿ ಬಂತು. ಆಗಿನ ಯುಗೊಸ್ಲಾವಿಯಾದ, ಈಗಿನ ಸ್ಲೊವೇನಿಯಾದ ಪ್ಲಾನಿಟ್ಸಾ ಕಣಿವೆಯಲ್ಲಿ ಗೊರಿಷೆಕ್ ಸಹೋದರರು ಹೊಸದೊಂದು ಹಾರುಬೆಟ್ಟ ಕಟ್ಟಿದ್ದರು. ಅದರ ಮೊದಲ ಸ್ಪರ್ಧೆ. ವಿಶ್ವದಾಖಲೆ ಆಗ 154 ಮೀಟರ್. ವಿರ್ಕೋಲಾ 156ಕ್ಕೆ ಇಳಿದರು. ರಾಷ್ಕಾ ಬಂದು ಅದೇ 156ನ್ನು ಮುಟ್ಟಿದರು. ವಿರ್ಕೋಲಾ 160. ಮನುಷ್ಯ ಸ್ಕೀ ಮೇಲೆ ಅಷ್ಟು ದೂರ ಹಾರಿದ್ದು ಅದೇ ಮೊದಲು. ರಾಷ್ಕಾ 164. ಆಮೇಲೆ ಪೂರ್ವ ಜರ್ಮನಿಯ ಮಾನ್‌ಫ್ರೆಡ್ ವೊಲ್ಫ್ 165. ಒಂದೇ ಬೆಟ್ಟದಲ್ಲಿ, ಕೆಲವೇ ದಿನಗಳಲ್ಲಿ ದಾಖಲೆ ಹನ್ನೊಂದು ಮೀಟರ್ ಮುಂದೆ ಹೋಯಿತು. ಇವತ್ತಿನ ಅಧಿಕೃತ ದಾಖಲೆ ಸ್ಲೊವೇನಿಯಾದ ಡೊಮೆನ್ ಪ್ರೆವ್ಟ್ಸ್ 2025ರಲ್ಲಿ ಹಾರಿದ 254.5 ಮೀಟರ್. ಅದೂ ಪ್ಲಾನಿಟ್ಸಾದಲ್ಲೇ.

ವಿರ್ಕೋಲಾ ಆದ ಮೇಲೆ ಹಾರಿ ಗೆಲ್ಲಬಲ್ಲವನು ಆ ಕಾಲದಲ್ಲಿ ಒಬ್ಬನಿದ್ದ ಅಂದರೆ ಅದು ರಾಷ್ಕಾ. ಆದರೆ ಅವರು ಚೆಕ್. ನಾರ್ವೆಯ ಗಾದೆಗೆ ಬೇಕಾದದ್ದು ಉಳಿದವರ ಪಾಡು.

ಗೇಟಿನ ಮೇಲೆ ಕೂತವನು

ಈಗ ಗಾದೆಯ ನೇರ ಅರ್ಥಕ್ಕೆ ಬರೋಣ. ವಿರ್ಕೋಲಾ ಆಗಷ್ಟೇ ಹಾರಿದ್ದಾರೆ. ಮುಂದಿನವನು ಮೇಲೆ ಕೂತಿದ್ದಾನೆ. ಕೆಳಗಿಂದ ಸಾವಿರಾರು ಜನರ ಕೂಗು ಬೆಟ್ಟ ಹತ್ತಿ ಬರುತ್ತದೆ. ಎಷ್ಟು ಮೀಟರ್ ಅಂತ ತಿಳಿಯುವ ಮೊದಲೇ ಅವನಿಗೆ ವಿಷಯ ಗೊತ್ತಾಗಿಹೋಗುತ್ತದೆ. ಅವನು ಒಳ್ಳೆಯದಾಗಿಯೇ ಹಾರಿದರೂ ಜನರ ಕಣ್ಣಿಗೆ ಅದು ಮಾಮೂಲಿ. ಹಿಂದಿನವನು ಇಳಿದ ಗುರುತಿಗಿಂತ ಹತ್ತು ಮೀಟರ್ ಹಿಂದೆ ಇಳಿದವನಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಇದರಲ್ಲಿ ಆಟದ ನಿಯಮದ ಪೆಟ್ಟೂ ಇದೆ. ಆಗಲೇ ಹೇಳಿದೆ, ಬೆಟ್ಟ ಚಪ್ಪಟೆಯಾಗುವ ಜಾಗಕ್ಕೆ ಹಾರಿದರೆ ಅಪಾಯ ಅಂತ. ಒಬ್ಬ ಅಷ್ಟು ದೂರ ಹೋದರೆ ತೀರ್ಪುಗಾರರು ಎಲ್ಲರಿಗೂ ಶುರುವಿನ ಜಾಗವನ್ನು ಕೆಳಗಿಳಿಸುತ್ತಾರೆ. ಆ ಕಾಲದಲ್ಲಿ ಇಡೀ ಸುತ್ತನ್ನೇ ರದ್ದು ಮಾಡಿ ಮತ್ತೆ ಶುರು ಮಾಡುವುದೂ ಇತ್ತು. ಅಂದರೆ ಅತಿ ಚೆನ್ನಾಗಿ ಹಾರುವವನೊಬ್ಬ ಇದ್ದರೆ ಉಳಿದವರಿಗೆಲ್ಲ ವೇಗ ಕಡಿಮೆ, ದೂರ ಕಡಿಮೆ.

ದೇಶದ ಮಟ್ಟದಲ್ಲೂ ಇದೇ ಆಯಿತು. ವಿರ್ಕೋಲಾ ನಂತರ ನಾಲ್ಕು ಬೆಟ್ಟಗಳ ಪಂದ್ಯಾವಳಿ ಗೆದ್ದ ನಾರ್ವೆಯವರು ಇಂಗೊಲ್ಫ್ ಮೊರ್ಕ್, 1972ರಲ್ಲಿ. ಆದರೆ ಆ ಸಲ ಜಪಾನಿನ ಯುಕಿಯೊ ಕಸಾಯ ಮೊದಲ ಮೂರೂ ಬೆಟ್ಟ ಗೆದ್ದು, ಒಲಿಂಪಿಕ್ಸ್ ತಯಾರಿಗೆ ಅಂತ ಕೊನೆಯ ಪಂದ್ಯ ಬಿಟ್ಟು ಊರಿಗೆ ಹೋಗಿದ್ದರು. ಮೊರ್ಕ್ ಒಳ್ಳೆಯ ಜಂಪರ್. ಆದರೂ ಆ ಗೆಲುವಿನ ಮಾತು ಬಂದಾಗಲೆಲ್ಲ ಕಸಾಯ ಹೆಸರು ಜೊತೆಗೇ ಬರುತ್ತದೆ. ಅಲ್ಲಿಂದ ಮುಂದೆ ನಾರ್ವೆಯವರು ಈ ಕಿರೀಟ ಮತ್ತೆ ತೊಡಲು 1994ರವರೆಗೆ ಕಾಯಬೇಕಾಯಿತು, ಎಸ್ಪೆನ್ ಬ್ರೆಡೆಸೆನ್ ಬರುವವರೆಗೆ. ಒಲಿಂಪಿಕ್ಸ್ ಚಿನ್ನವೂ ಹಾಗೇ. 1964ರ ಎಂಗನ್ ಆದ ಮೇಲೆ 1994ರ ಲಿಲ್ಲೆಹಾಮರ್‌ನಲ್ಲಿ ಬ್ರೆಡೆಸೆನ್. ನಡುವೆ ಮೂವತ್ತು ವರ್ಷ ಖಾಲಿ. ಅಷ್ಟು ವರ್ಷ ಪ್ರತಿ ಹೊಸ ಹುಡುಗನನ್ನೂ ವಿರ್ಕೋಲಾ ಪಕ್ಕ ನಿಲ್ಲಿಸಿ ನೋಡಿದರು. ಮಾತು ಬೇರು ಬಿಡೋಕೆ ಅಷ್ಟು ಸಮಯ ಸಾಕಲ್ವಾ?

ಅವರ ಜನಪ್ರಿಯತೆಗೆ ಇನ್ನೊಂದು ಕಾರಣ ಬೆಟ್ಟದಿಂದ ದೂರ, ಹುಲ್ಲಿನ ಮೈದಾನದಲ್ಲಿದೆ. ವಿರ್ಕೋಲಾ ಬರೀ ಜಂಪರ್ ಆಗಿರಲಿಲ್ಲ. ಹಾರಾಟ, ಬಯಲಿನ ಸ್ಕೀ ಓಟ ಎರಡೂ ಸೇರಿದ ನಾರ್ಡಿಕ್ ಕಂಬೈನ್ಡ್‌ನಲ್ಲೂ ಸ್ಪರ್ಧಿಸಿದವರು. ಆಮೇಲೆ ಟ್ರಾನ್‌ಹೈಮ್‌ನ ರೋಸೆನ್‌ಬೋರ್ಗ್ ಕ್ಲಬ್ಬಿಗೆ ಫುಟ್‌ಬಾಲ್ ಆಡಿದರು. ಅದೂ ಸುಮ್ನೆ ಹೆಸರಿಗೆ ಅಲ್ಲ. 1971ರಲ್ಲಿ ರೋಸೆನ್‌ಬೋರ್ಗ್ ನಾರ್ವೆಯ ಲೀಗ್, ಕಪ್ ಎರಡನ್ನೂ ಗೆದ್ದಾಗ ಅವರು ಆ ತಂಡದಲ್ಲಿದ್ದರು. ಚಳಿಗಾಲದಲ್ಲಿ ಟೀವಿಯಲ್ಲಿ ಹಾರುವವನು ಬೇಸಿಗೆಯಲ್ಲಿ ನಮ್ಮೂರ ಮೈದಾನದಲ್ಲಿ ಚೆಂಡಿನ ಹಿಂದೆ ಓಡುತ್ತಾನೆ. ಇಂಥವನನ್ನು ಜನ ಹೇಗೆ ಮರೆಯುತ್ತಾರೆ?

ಸಾಲಾಗಿ ಮೂರು ವರ್ಷ ನಾಲ್ಕು ಬೆಟ್ಟಗಳ ಪಂದ್ಯಾವಳಿ ಗೆಲ್ಲೋದು ಎಷ್ಟು ಕಷ್ಟ ಅಂತ ತಿಳಿಯಲು ಆಮೇಲೆ ಬಂದ ಘಟಾನುಘಟಿಗಳ ಕಥೆ ನೋಡಿ. ಪೂರ್ವ ಜರ್ಮನಿಯ ಯೆನ್ಸ್ ವೈಸ್‌ಫ್ಲೋಗ್ 1984, 1985 ಎರಡನ್ನೂ ಗೆದ್ದರು. ಮೂರನೇ ವರ್ಷ ಎರ್ನ್ಸ್ಟ್ ವೆಟ್ಟೋರಿ ಗೆದ್ದರು. ಆ ವೆಟ್ಟೋರಿ 1987ರಲ್ಲೂ ಗೆದ್ದರು, 1988ರಲ್ಲಿ ಫಿನ್ಲೆಂಡ್‌ನ ಮಟ್ಟಿ ನ್ಯುಕ್ಯಾನೆನ್ ಕಸಿದುಕೊಂಡರು. ಆಸ್ಟ್ರಿಯಾದ ಗ್ರೆಗೊರ್ ಶ್ಲೀರೆನ್‌ಸೌವರ್ 2012, 2013 ಗೆದ್ದು 2014ರಲ್ಲಿ ನಿಂತರು. ಪೋಲೆಂಡ್‌ನ ಕಮಿಲ್ ಸ್ಟೋಖ್ 2017ರಲ್ಲಿ ಗೆದ್ದರು. 2018ರಲ್ಲಿ ನಾಲ್ಕಕ್ಕೆ ನಾಲ್ಕೂ ಬೆಟ್ಟ ಗೆದ್ದರು. ಇನ್ನೇನು ವಿರ್ಕೋಲಾ ಸಾಲಿಗೆ ಬಂದೇಬಿಟ್ಟರು ಅನ್ನುವಾಗ, 2019ರಲ್ಲಿ ಜಪಾನಿನ ರ್ಯೋಯು ಕೊಬಯಾಶಿ ಬಂದು ತಾವೂ ನಾಲ್ಕಕ್ಕೆ ನಾಲ್ಕು ಗೆದ್ದರು.